ಹಳೇಬೀಡಿನಲ್ಲಿ ಮಿಡಿಯದ ನರಕೋಶ

ನಾನು ಮಾಡಿದ ಒಂದು ನರಕೋಶ ಇಂಟರ್‌ನೆಟ್ಟಿನಲ್ಲಿದೆ, ಜಗತ್ತಿನಲ್ಲಿ ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು ಎಂದು ಹೇಳಿಕೊಳ್ಳುವುದರಲ್ಲಿ ನನಗೆ ಯಾವತ್ತೂ ಸಂಕೋಚವಾದದ್ದಿಲ್ಲ. ಅರಸೀಕೆರೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಮದುವೆಮನೆಯಲ್ಲಿ ಪಕ್ಕದ ಎಲೆಯ ಹೆಂಗಸರು "ಏನ್ಮಾಡ್ಕಂಡಿದೀಯಮ್ಮ?" ಎಂದು ಕೇಳಿದರೆ, "ಕಾಲೇಜಲ್ಲಿ ಪಾಠ ಮಾಡ್ತೀನಿ, ಬಿಡುವಾದಾಗ ಮೆದುಳು ಮಾಡ್ತೀನಿ" ಎಂದುಬಿಡುತ್ತಿದ್ದೆ. ಅವರು ಪಾಯಸ ಹಾಕಿಸಿಕೊಳ್ಳುವುದನ್ನೂ ಮರೆತು ನನ್ನ ಮುಖ ನೋಡುತ್ತಿದ್ದರು. ಆ ನೋಟ ನನಗೆ ಇಷ್ಟವಾಗುತ್ತಿತ್ತು ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಮೆದುಳು ಎಂದರೆ ಪೂರ್ತಿ ಮೆದುಳಲ್ಲ. ಕಿರುಮೆದುಳಿನಲ್ಲಿರುವ ಒಂದು ಜಾತಿಯ ನರಕೋಶ, ಅದೂ ನಿಜವಾದದ್ದಲ್ಲ, ಲೆಕ್ಕದ್ದು. ನರಕೋಶದ ಗೋಡೆಯಲ್ಲಿ ಕಣ್ಣಿಗೆ ಕಾಣದ ಬಾಗಿಲುಗಳಿರುತ್ತವೆ. ಅವು ತೆರೆದಾಗ ಸೋಡಿಯಂ ಒಳಗೆ ನುಗ್ಗುತ್ತದೆ, ಪೊಟ್ಯಾಸಿಯಂ ಹೊರಗೆ ಹೋಗುತ್ತದೆ, ಕೋಶ ಒಂದು ಸಲ ಮಿಡಿಯುತ್ತದೆ. ಯಾವ ಬಾಗಿಲು ಎಷ್ಟು ಬೇಗ ತೆರೆಯುತ್ತದೆ, ಎಷ್ಟು ಬೇಗ ಮುಚ್ಚುತ್ತದೆ ಎಂಬುದನ್ನು ಸಮೀಕರಣಗಳಲ್ಲಿ ಬರೆದು ಕಂಪ್ಯೂಟರಿಗೆ ಕೊಟ್ಟರೆ ಪರದೆಯ ಮೇಲೆ ಆ ಮಿಡಿತದ ಗೆರೆ ಮೂಡುತ್ತದೆ. ಇಂಥದ್ದನ್ನು ನಾವು ಮಾದರಿ ಎನ್ನುತ್ತೇವೆ. ನನ್ನ ಕೋಶದ ವಿಶೇಷವೆಂದರೆ, ಸ್ವಲ್ಪ ವಿದ್ಯುತ್ತು ಕೊಟ್ಟರೆ ಚಕಚಕನೆ ಮೂರು ಸಲ ಮಿಡಿದು ಸುಮ್ಮನಾಗುತ್ತಿತ್ತು. ಎರಡಲ್ಲ, ನಾಲ್ಕಲ್ಲ. ಇಲಿಯ ಮೆದುಳಿನಲ್ಲಿ ಬೇರೆಯವರು ಅಳೆದಾಗಲೂ ಮೂರೇ ಬಂದಿತ್ತು. ಆ ಮೂರು ಮಿಡಿತವನ್ನು ಹಿಡಿಯುವುದಕ್ಕೆ ನನ್ನ ಪಿಎಚ್.ಡಿ.ಯ ನಾಲ್ಕು ವರ್ಷ ಹೋಗಿತ್ತು.

ಹೀಗೆ ಮಾಡಿದ ಮಾದರಿಗಳನ್ನು ಹಂಚಿಕೊಳ್ಳುವುದಕ್ಕೆಂದೇ ಜಾಲತಾಣಗಳಿವೆ. ಪ್ರಬಂಧ ಅಚ್ಚಾದ ಮೇಲೆ ಅದರ ಹಿಂದಿನ ಫೈಲುಗಳನ್ನೆಲ್ಲ ಅಲ್ಲಿ ಇಡುತ್ತೇವೆ. ಯಾರದು, ಯಾವ ಕೋಶ, ಯಾವ ಪ್ರಬಂಧ ಎಂದು ಅಲ್ಲಿನವರು ಒಂದು ಪುಟ ಮಾಡಿಕೊಡುತ್ತಾರೆ. ಮುಖ್ಯವಾದ ನಿಯಮ ಒಂದೇ. ಫೈಲು ಇಳಿಸಿಕೊಂಡವರು ಅದನ್ನು ಓಡಿಸಿದರೆ, ಪ್ರಬಂಧದಲ್ಲಿರುವ ಒಂದಾದರೂ ಚಿತ್ರ ಅವರ ಪರದೆಯ ಮೇಲೂ ಹಾಗೇ ಮೂಡಬೇಕು. ನಾನು ಹುಟ್ಟಿದ್ದು ಬೇಲೂರಿನಲ್ಲಿ. ದೇವಸ್ಥಾನದ ಮದನಿಕೆಯರ ಕಾಲಬುಡದಲ್ಲಿ ಶಿಲ್ಪಿಗಳ ಹೆಸರು ಹುಡುಕುವುದು ಚಿಕ್ಕಂದಿನಲ್ಲಿ ನಮಗೆ ಒಂದು ಆಟ. ಕೆತ್ತಿದವನು ಹೆಸರು ಬರೆದುಕೊಂಡರೆ ತಪ್ಪೇನು? ಜಾಲತಾಣದಲ್ಲಿ ನನ್ನ ಹೆಸರಿನ ಪುಟ ತೆರೆದು, ಈ ವಾರ ಯಾರಾದರೂ ಇಳಿಸಿಕೊಂಡಿದ್ದಾರೋ ಎಂದು ನೋಡುವುದು ನನ್ನ ಭಾನುವಾರ ಬೆಳಗಿನ ಅಭ್ಯಾಸವಾಗಿತ್ತು.

ಎರಡು ವರ್ಷದ ಹಿಂದೆ, ಅವರೆಕಾಯಿ ಕಾಲದಲ್ಲಿ, ಒಂದು ಬೆಳಗ್ಗೆ ಇ-ಮೇಲ್ ಬಂತು. ಬರೆದವಳು ದೂರದ ಒಂದು ದೇಶದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಹುಡುಗಿ. ಇಂಗ್ಲಿಷ್ ಅವಳಿಗೂ ನನ್ನ ಹಾಗೆ ಕಲಿತ ಭಾಷೆಯೇ ಇರಬೇಕು. ಒಂದೊಂದು ವಾಕ್ಯವನ್ನೂ ಒರೆಸಿ ಜೋಡಿಸಿಟ್ಟ ಹಾಗೆ ಬರೆದಿದ್ದಳು. ನನ್ನ ಮಾದರಿಯನ್ನು ಇಳಿಸಿಕೊಂಡು ಓಡಿಸಿದ್ದಾಳೆ, ಮೂರು ಮಿಡಿತ ಬರುತ್ತಿಲ್ಲ, ಬದಲಿಗೆ ಒಂದೇ ಒಂದು ಅಗಲವಾದ ದಿಬ್ಬ ಬರುತ್ತಿದೆ. ಅದರ ಚಿತ್ರವನ್ನೂ ಲಗತ್ತಿಸಿದ್ದಳು. ಕೊನೆಯಲ್ಲಿ ಒಂದು ಪ್ರಶ್ನೆ: "ಯಾವುದಾದರೂ ಒಂದು ಫೈಲು ನಿಮ್ಮ ಕಂಪ್ಯೂಟರಿನಲ್ಲೇ ಉಳಿದುಬಿಟ್ಟಿರಬಹುದೇ?"

ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಹಾಲು ಉಕ್ಕಿದ ಹಾಗೆ, ಒಲೆ ಆರಿಸುವಷ್ಟರಲ್ಲಿ ಚೆಲ್ಲಿರುತ್ತದೆ. ಎಂಟು ವರ್ಷದಿಂದ ಅಲ್ಲಿರುವ ಮಾದರಿ, ಅಷ್ಟು ಜನ ಇಳಿಸಿಕೊಂಡಿದ್ದಾರೆ, ಒಬ್ಬರೂ ತುಟಿಪಿಟಿಕ್ ಎಂದಿಲ್ಲ, ಇವಳಿಗೆ ಮಾತ್ರ ಬರುವುದಿಲ್ಲವಂತೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆದರೂ ನ್ಯಾಯವಾಗಿ ನಡೆದುಕೊಳ್ಳಬೇಕಲ್ಲ ಎಂದು ನಮ್ಮ ಮನೆಯ ಕಂಪ್ಯೂಟರಿನಲ್ಲಿ ಓಡಿಸಿ ನೋಡಿದೆ. ಟಕ್ ಟಕ್ ಟಕ್, ಮೂರು. ಅಲ್ಲಿಗೆ ನನ್ನ ತನಿಖೆ ಮುಗಿಯಿತು. ಕೂತ ಜಾಗದಲ್ಲೇ ಉತ್ತರ ಕುಟ್ಟಿದೆ: "ಎಲ್ಲ ಫೈಲುಗಳೂ ಅಲ್ಲಿವೆ. ಮಾದರಿ ಸರಿಯಾಗಿದೆ. ದಯವಿಟ್ಟು ಸೂಚನೆಗಳನ್ನು ಪೂರ್ತಿ ಓದಿ. ಮೂಲಭೂತ ವಿಷಯಗಳನ್ನು ಮೊದಲು ನಿಮ್ಮ ಮಾರ್ಗದರ್ಶಕರೊಂದಿಗೆ ಚರ್ಚಿಸುವುದು ಒಳ್ಳೆಯದು."

ಆ ಕೊನೆಯ ವಾಕ್ಯ ಬರೆದಾಗ ಸಿಕ್ಕ ಖುಷಿ ನೆನಪಿದೆ. ಅಕ್ಕಿರೊಟ್ಟಿ ತಿನ್ನುತ್ತಾ ಕೂತಿದ್ದ ನಮ್ಮ ಯಜಮಾನರಿಗೆ ಓದಿ ಹೇಳಿ, ಕನ್ನಡದಲ್ಲಿ ಅರ್ಥವನ್ನೂ ಬಿಡಿಸಿದೆ. ಅವರದು ಕೊಬ್ಬರಿ ವ್ಯಾಪಾರ. ಅರಸೀಕೆರೆಯಿಂದ ಉತ್ತರದ ಕಡೆಗೆ ಲಾರಿಯಲ್ಲಿ ಹೋಗುವ ಮಾಲು. ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಅವರು ಕೇಳಿದರು.

"ನೀನು ನೋಡಿದ್ದು ಯಾವ್ ಕಂಪ್ಯೂಟರಲ್ಲಿ?"

"ಇದರಲ್ಲೇ."

"ಮಾಲು ಕೆಟ್ಟೈತೆ ಅಂತ ಫೋನ್ ಬಂದ್ರೆ ನಾವು ಅಲ್ಲಿಗೋಗಿ, ಅವರ ಗೋಡೌನಲ್ಲೇ ಚೀಲ ಬಿಚ್ಚಿ ನೋಡ್ತೀವಿ. ಇಲ್ಲಿ ನಮ್ಮಂಗಡೀಲಿರೋ ಕೊಬ್ಬರಿ ಒಡೆದು 'ನೋಡಿ, ಚೆನ್ನಾಗೈತೆ' ಅಂದ್ರೆ ಯಾರಾದ್ರೂ ಒಪ್ತಾರಾ?"

"ರೀ, ಇದು ಕೊಬ್ಬರಿ ಅಲ್ಲ, ಫೈಲು. ಇಲ್ಲಿರೋದೂ ಅದೇ, ಅಲ್ಲಿರೋದೂ ಅದೇ. ದಾರೀಲಿ ಬೂಸ್ಲು ಹಿಡಿಯಲ್ಲ."

"ಹಂಗಾದ್ರೆ ಸರಿ ಬಿಡು" ಎಂದು ಅವರು ಚಟ್ನಿ ಹಾಕಿಸಿಕೊಂಡರು. ನಾನು ಗೆದ್ದೆ ಎಂದುಕೊಂಡು ಕಾಲೇಜಿಗೆ ಹೊರಟೆ.

ಹತ್ತು ದಿನ ಕಳೆದಿರಬೇಕು. ಎರಡನೇ ಶನಿವಾರ, ಕಾಲೇಜಿಗೆ ರಜ. ಹಳೇಬೀಡಿನಲ್ಲಿರುವ ಅಕ್ಕನ ಮನೆಗೆ ಹೊರಟಿದ್ದೆ. ಜಾವಗಲ್ ಮೇಲೆ ಹೋಗುವ ಬೇಲೂರು ಬಸ್ಸಿಗೆ ಕಾಯುತ್ತಾ ಅರಸೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಫೋನಿನಲ್ಲಿ ಆ ಹುಡುಗಿಯ ಇನ್ನೊಂದು ಪತ್ರ ಕಂಡಿತು. ಈ ಸಲ ಚಿಕ್ಕದು. ನಾನು ಹೇಳಿದಂತೆ ಮಾರ್ಗದರ್ಶಕರೊಂದಿಗೆ ಚರ್ಚಿಸಿದಳಂತೆ, ನನ್ನ ಉತ್ತರವನ್ನೂ ಅವರಿಗೆ ತೋರಿಸಿದಳಂತೆ. ಮಾದರಿ ಮಾಡಿದವರೇ ಸರಿಯಾಗಿದೆ ಎನ್ನುವಾಗ ತಪ್ಪು ನಿನ್ನದೇ ಎಂದು ಅವರು ಹೇಳಿದ್ದಾರೆ. ಅವಳು ಪಿಎಚ್.ಡಿ. ಮುಂದುವರಿಸಬೇಕೋ ಬೇಡವೋ ಎಂದು ತೀರ್ಮಾನಿಸುವ ಸಮಿತಿ ಸೋಮವಾರ ಸೇರುತ್ತದೆ. "ನಿಮ್ಮ ಪರದೆಯ ಒಂದು ಚಿತ್ರ ಕಳಿಸಲು ಸಾಧ್ಯವೇ? ನಾನು ಎಲ್ಲಿ ತಪ್ಪುತ್ತಿದ್ದೇನೆ ಎಂದು ನೋಡಿಕೊಳ್ಳುತ್ತೇನೆ."

ಪಾಪ ಅನ್ನಿಸಿತು. ಆದರೆ ಅದು ಕಾಪಿ ಹೊಡೆದು ಸಿಕ್ಕಿಬಿದ್ದ ವಿದ್ಯಾರ್ಥಿಯ ಮೇಲೆ ಬರುವಂಥ ಪಾಪ, ಎತ್ತರದಲ್ಲಿ ನಿಂತು ಕೆಳಗೆ ನೋಡಿ ಹೇಳುವಂಥದ್ದು. ಭಾನುವಾರ ಸಂಜೆ ಮನೆಗೆ ಬಂದು ಚಿತ್ರ ಕಳಿಸೋಣ, ಅವರಿಗೆ ಸೋಮವಾರ ಆಗುವುದರೊಳಗೆ ಸಿಗುತ್ತದೆ ಎಂದು ಲೆಕ್ಕ ಹಾಕಿ ಬಸ್ಸು ಹತ್ತಿದೆ. ಕಿಟಕಿ ಪಕ್ಕದ ಸೀಟು ಸಿಕ್ಕಿತು. ಜಾವಗಲ್ ಬರುವ ಹೊತ್ತಿಗೆ ಅವಳನ್ನು ಮರೆತೇಬಿಟ್ಟಿದ್ದೆ.

ಅಕ್ಕನ ಮನೆ ಇರುವುದು ಬಸದಿ ದಾಟಿ ಸ್ವಲ್ಪ ಮುಂದೆ. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಚಿಕ್ಕಂದಿನಿಂದ ನನ್ನ ಜಂಬ ಇಳಿಸುವ ಗುತ್ತಿಗೆ ಅವಳದೇ. ಭಾವ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮಾತು ಕಡಿಮೆ. ಆಡಿದರೆ ಮಾತ್ರ ಅದನ್ನು ಅಲ್ಲಾಡಿಸುವುದು ಕಷ್ಟ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆ ಅಕ್ಕ ಒಳಗಿನಿಂದಲೇ ಕೂಗಿದಳು.

"ಬಾರೇ ಮೆದುಳಿನ ಮೇಡಮ್ಮು. ಕೈಕಾಲು ತೊಳ್ಕೊಂಡು ಬಾ, ಮುದ್ದೆ ಆರೋಗತ್ತೆ."

ಊಟವಾಯಿತು. ಅಕ್ಕ ಮೊರದ ತುಂಬ ನೆನೆಸಿದ ಅವರೆಕಾಳು ಇಟ್ಟುಕೊಂಡು ಹಿತುಕಲು ಕೂತಳು. ನಾನೂ ಎರಡು ಹಿಡಿ ಹಿತುಕಿದೆ. ಮಾತು ಅಲ್ಲಿ ಇಲ್ಲಿ ಸುತ್ತಿ ಆ ಹುಡುಗಿಯ ಪತ್ರಕ್ಕೆ ಬಂತು. ಬಂತು ಎಂದರೆ ನಾನೇ ತಂದೆ. ಹೇಗೆ ಪಾಠ ಕಲಿಸಿದೆ ಎಂದು ವರ್ಣಿಸಿ, ಸೋಮವಾರದ ಸಮಿತಿಯ ವಿಷಯವನ್ನೂ ಹೇಳಿದೆ. ಭಾವ ಪ್ರಶ್ನೆಪತ್ರಿಕೆ ಟೈಪ್ ಮಾಡುವುದಕ್ಕೆಂದು ಇಟ್ಟುಕೊಂಡಿದ್ದ ಲ್ಯಾಪ್‌ಟಾಪು ತಂದು ನನ್ನ ಮುಂದೆ ಇಟ್ಟರು.

"ಇಷ್ಟ್ ವರ್ಷದಿಂದ ಕೇಳ್ತಾನೇ ಇದೀನಿ, ಒಂದ್ಸಲ ತೋರ್ಸಮ್ಮ. ನೋಡೇ ಬಿಡೋಣ ನಿನ್ನ ಮೂರು ಮಿಡಿತ."

ನನಗೂ ಅದು ಒಪ್ಪಿಗೆಯಾಯಿತು. ಇವರಿಗೆ ತೋರಿಸಿದ ಹಾಗೂ ಆಯಿತು, ಅದೇ ಚಿತ್ರವನ್ನು ಇಲ್ಲಿಂದಲೇ ಹುಡುಗಿಗೆ ಕಳಿಸಿದ ಹಾಗೂ ಆಯಿತು. ನನ್ನ ಫೋನಿನಿಂದ ನೆಟ್ ಕೊಟ್ಟು, ಮಾದರಿ ಓಡಿಸುವ ತಂತ್ರಾಂಶವನ್ನು ಇಳಿಸಿ ಕೂರಿಸಿದೆ. ಅದು ಮುಗಿಯುವಷ್ಟರಲ್ಲಿ ಅಕ್ಕ ಅರ್ಧ ಮೊರ ಹಿತುಕಿದ್ದಳು. ಆಮೇಲೆ ಜಾಲತಾಣದ ನನ್ನ ಪುಟ ತೆರೆದೆ. ಹೆಸರು ಇವರಿಬ್ಬರಿಗೂ ಕಾಣುವಂತೆ ಪರದೆ ತಿರುಗಿಸಿದೆ. ಫೈಲುಗಳನ್ನು ಇಳಿಸಿಕೊಂಡೆ. ಎಂಟು ವರ್ಷದಲ್ಲಿ ನನ್ನ ಮಾದರಿಯನ್ನು ನಾನೇ ಅಲ್ಲಿಂದ ಇಳಿಸಿಕೊಂಡದ್ದು ಅದೇ ಮೊದಲು. ಮನೆಯಲ್ಲೇ ಇರುವುದನ್ನು ಇಳಿಸಿಕೊಳ್ಳುವ ಅಗತ್ಯ ಯಾರಿಗಿರುತ್ತದೆ?

"ಈಗ ನೋಡಿ, ಒಂದು, ಎರಡು, ಮೂರು ಅಂತ ಏಳತ್ತೆ" ಎಂದು ಗುಂಡಿ ಒತ್ತಿದೆ.

ಪರದೆಯ ಮೇಲೆ ಗೆರೆ ನಿಧಾನವಾಗಿ ಏರಿತು, ನಿಧಾನವಾಗಿ ಇಳಿಯಿತು, ಮಲಗಿತು. ಒಂದೇ.

ಅಕ್ಕ ಕತ್ತು ಚಾಚಿ ನೋಡಿದಳು. "ಮೂರು ಅಂದ್ಯಲ್ಲೇ, ಇನ್ನೆರಡೆಲ್ಲೇ?"

"ಇರು, ಮೊದಲನೇ ಸಲ ಅಲ್ವಾ." ಮತ್ತೆ ಒತ್ತಿದೆ. ಅದೇ ದಿಬ್ಬ. ಮುಚ್ಚಿ ತೆರೆದು ಮತ್ತೆ ಒತ್ತಿದೆ. ಅದೇ.

"ಭಾವ, ನಿಮ್ಮ ಲ್ಯಾಪ್‌ಟಾಪು ತುಂಬ ಹಳೇದು."

"ಹಳೇದಾದ್ರೆ ನಿಧಾನ ಆಗ್ಬೇಕು. ಲೆಕ್ಕ ತಪ್ಪಾಗ್ಬಾರ್ದಲ್ಲಮ್ಮ" ಎಂದರು ಭಾವ.

ಫೋನಿನಲ್ಲಿ ಹುಡುಗಿಯ ಮೊದಲ ಪತ್ರ ತೆರೆದು, ಅವಳು ಲಗತ್ತಿಸಿದ್ದ ಚಿತ್ರವನ್ನು ಲ್ಯಾಪ್‌ಟಾಪಿನ ಪಕ್ಕ ಹಿಡಿದೆ. ಅದೇ ಏರು, ಅದೇ ಇಳಿಜಾರು. ಬೆಳಗ್ಗೆ ನನಗೆ ಪಾಪ ಎನ್ನಿಸಿದ ಹುಡುಗಿಯ ಪರದೆಯೂ ನನ್ನ ಮುಂದಿನ ಪರದೆಯೂ ಒಂದೇ ಆಗಿತ್ತು. ಚಿತ್ರವನ್ನು ಅವತ್ತೇ ಸರಿಯಾಗಿ ನೋಡಿದ್ದರೆ ಭೌತಶಾಸ್ತ್ರದವಳಾದ ನನಗೆ ಹೊಳೆಯಬೇಕಿತ್ತು. ಅಷ್ಟು ಅಗಲದ, ಅಷ್ಟು ಸೋಮಾರಿ ದಿಬ್ಬ ಬರುವುದು ಬಾಗಿಲುಗಳೆಲ್ಲ ನಿಧಾನವಾಗಿ ತೆರೆದು ಮುಚ್ಚಿದಾಗ. ಅವು ನಿಧಾನವಾಗುವುದು ಚಳಿಯಲ್ಲಿ.

ತಂತ್ರಾಂಶವನ್ನೇ ಕೇಳಿದೆ. ಈಗ ನೀನು ಎಷ್ಟು ಡಿಗ್ರಿ ಎಂದುಕೊಂಡು ಲೆಕ್ಕ ಮಾಡುತ್ತಿದ್ದೀಯ ಎಂದು ಕೇಳುವುದಕ್ಕೆ ಒಂದು ಸಾಲು ಟೈಪ್ ಮಾಡಿದರೆ ಸಾಕು. ಆರು ಡಿಗ್ರಿ ಚಿಲ್ಲರೆ ಎಂದು ಉತ್ತರ ಕೊಟ್ಟಿತು.

ಇದು ನಮ್ಮ ಕೆಲಸದವರಿಗೆಲ್ಲ ಗೊತ್ತಿರುವ ಸಂಗತಿ. ಹಿಂದೆ ಈ ಸಮೀಕರಣಗಳನ್ನು ಮೊದಲು ಬರೆದವರು ಸ್ಕ್ವಿಡ್ ಎಂಬ ಸಮುದ್ರಪ್ರಾಣಿಯ ನರವನ್ನು ತಣ್ಣಗಿಟ್ಟು ಅಳೆದಿದ್ದರು. ಆ ಗೌರವಕ್ಕೆ, ನಾವು ಬೇರೆ ಏನೂ ಹೇಳದಿದ್ದರೆ ತಂತ್ರಾಂಶ ಈಗಲೂ ಅದೇ ತಣ್ಣನೆಯ ನೀರಿನ ಲೆಕ್ಕವನ್ನೇ ಹಿಡಿಯುತ್ತದೆ. ನನ್ನದು ಇಲಿಯ ಕೋಶ. ಮೂವತ್ತನಾಲ್ಕು ಡಿಗ್ರಿ ಬೇಕು. ಪ್ರಬಂಧದಲ್ಲಿ ಮೂವತ್ತನಾಲ್ಕು ಎಂದು ಬರೆದೇ ಇದೆ. ಓದಿದವರು ಫೈಲಿನಲ್ಲೂ ಅದು ಇದ್ದೇ ಇರುತ್ತದೆ ಎಂದು ನಂಬುತ್ತಾರೆ. ಆದರೆ ಫೈಲಿನಲ್ಲಿ ಇರಲಿಲ್ಲ.

ಎಲ್ಲಿತ್ತು ಎಂಬುದೂ ನೆನಪಾಯಿತು. ಪಿಎಚ್.ಡಿ.ಯ ಮೊದಲ ವರ್ಷದಲ್ಲಿ, ಪ್ರತಿ ಸಲವೂ ತಾಪಮಾನ ಬರೆಯುವುದು ಬೇಜಾರಾಗಿ, ತಂತ್ರಾಂಶ ಶುರುವಾದ ಕೂಡಲೇ ತಾನಾಗಿ ಓದಿಕೊಳ್ಳುವಂಥ ಪುಟ್ಟ ಫೈಲು ಮಾಡಿಟ್ಟಿದ್ದೆ. ಅದರಲ್ಲಿ ಇದ್ದದ್ದು ಒಂದೇ ಸಾಲು, ಮೂವತ್ತನಾಲ್ಕು ಡಿಗ್ರಿ ಎಂದು. ಆಮೇಲೆ ಕಂಪ್ಯೂಟರು ಬದಲಾದಾಗಲೆಲ್ಲ ಮನೆ ಬದಲಾಯಿಸುವವರು ದೇವರಪಟ ಹೊತ್ತೊಯ್ಯುವ ಹಾಗೆ ಅದನ್ನೂ ಹೊತ್ತೊಯ್ದಿದ್ದೆ. ಹಾಗಾಗಿ ನನ್ನ ಕೋಶ ನಾನಿದ್ದಲ್ಲೆಲ್ಲ ಬೆಚ್ಚಗಿತ್ತು. ಇಳಿಸಿಕೊಂಡ ಬೇರೆಯವರ ಮನೆಯಲ್ಲೆಲ್ಲ ಎಂಟು ವರ್ಷ ಚಳಿಯಲ್ಲಿ ನಡುಗಿತ್ತು.

"ಗೊತ್ತಾಯ್ತು" ಎಂದೆ. ಧ್ವನಿ ಸಣ್ಣಗಾಗಿತ್ತು. ಇಬ್ಬರಿಗೂ ಬಿಡಿಸಿ ಹೇಳಿದೆ. "ಒಂದು ಫೈಲು ನಮ್ಮನೇಲೇ ಉಳಿದುಬಿಟ್ಟಿದೆ."

"ಆ ಹುಡುಗಿ ಅದನ್ನೇ ಅಲ್ವೇನೇ ಕೇಳಿದ್ದು?" ಎಂದಳು ಅಕ್ಕ.

ಅದನ್ನೇ ಕೇಳಿದ್ದಳು. ನನ್ನ ಕಂಪ್ಯೂಟರು ನೋಡದೆ, ನನ್ನನ್ನು ನೋಡದೆ, ಬರೀ ಒಂದು ದಿಬ್ಬ ನೋಡಿ ಸರಿಯಾದ ಜಾಗಕ್ಕೆ ಬೆರಳಿಟ್ಟಿದ್ದಳು. ಅಕ್ಕ ಸುಮ್ಮನಿರುವ ಜಾತಿಯಲ್ಲ. "ತನ್ನ ತಟ್ಟೇಲಿ ಹೆಗ್ಗಣ ಬಿದ್ದಿದ್ರೂ ಬೇರೆಯವ್ರ ತಟ್ಟೇಲಿರೋ ನೊಣ ತೋರಿಸ್ದಂಗಾಯ್ತು ಕಣೇ ನಿಂದು" ಎಂದು ಅವರೆಕಾಳು ಹಿತುಕಿದಳು. ಬೇಳೆ ಪುಳಕ್ಕನೆ ಹಾರಿ ಪಾತ್ರೆಗೆ ಬಿತ್ತು.

ಇನ್ನೊಂದು ಸಂಗತಿಯನ್ನು ಅವರಿಬ್ಬರಿಗೂ ಆಗ ಹೇಳಲಿಲ್ಲ. ಮಾದರಿಯನ್ನು ಜಾಲತಾಣಕ್ಕೆ ಕೊಡುವಾಗ ಒಂದು ನಮೂನೆ ತುಂಬಬೇಕಿತ್ತು. "ನಿಮ್ಮದಲ್ಲದ ಬೇರೊಂದು ಕಂಪ್ಯೂಟರಿನಲ್ಲಿ ಓಡಿಸಿ, ಚಿತ್ರ ಹೋಲಿಸಿ ನೋಡಿದ್ದೀರಾ?" ಎಂಬ ಪ್ರಶ್ನೆ ಅದರಲ್ಲಿತ್ತು. ನಾನು "ಹೌದು" ಎಂಬುದಕ್ಕೆ ಟಿಕ್ ಹಾಕಿದ್ದೆ. ನೋಡಿರಲಿಲ್ಲ. ಬೇಗ ಮುಗಿಸಿ ನನ್ನ ಹೆಸರಿನ ಪುಟ ನೋಡುವ ಆತುರವಿತ್ತು. ಅಲ್ಲಿನವರು ಓಡಿಸಿ ನೋಡಿದರು, ಗೆರೆ ಬಂತು. ನಾನು ಹೋಲಿಸಿದ್ದೇನೆ ಎಂದ ಮೇಲೆ ಅವರು ಮೂರೋ ಒಂದೋ ಎಂದು ಎಣಿಸಲು ಹೋಗಲಿಲ್ಲ. ಮರೆವು ಎಂದು ಹೇಳಿಕೊಳ್ಳಬಹುದಾದದ್ದು ಆ ಪುಟ್ಟ ಫೈಲು ಮಾತ್ರ. ಟಿಕ್ ಹಾಕಿದ್ದು ಸುಳ್ಳು.

ಸರಿಪಡಿಸುವುದೇನೂ ಕಷ್ಟವಿರಲಿಲ್ಲ. ಮಾದರಿಯ ಮುಖ್ಯ ಫೈಲಿನಲ್ಲಿ ತಾಪಮಾನದ ಆ ಒಂದು ಸಾಲು ಸೇರಿಸಿದೆ. ಭಾವನ ಲ್ಯಾಪ್‌ಟಾಪಿನಲ್ಲೇ ಓಡಿಸಿದೆ. ಮೂರು ಮಿಡಿತ ಎದ್ದವು.

"ಇಷ್ಟೇನಾ?" ಎಂದಳು ಅಕ್ಕ. "ಇದಕ್ಕೆ ನಾಕ್ ವರ್ಷ ಓದಿದ್ಯಾ?"

ಬೇರೆ ದಿನವಾಗಿದ್ದರೆ ಜಗಳವಾಡುತ್ತಿದ್ದೆ. ಅವತ್ತು ತಲೆಯಲ್ಲಿ ಬೇರೊಂದು ಲೆಕ್ಕ ಓಡುತ್ತಿತ್ತು. ಜಾಲತಾಣದಲ್ಲಿ ಹಳೆಯ ಫೈಲು ತೆಗೆದು ಹೊಸದು ಹಾಕುವ ಅವಕಾಶವಿದೆ. "ಪರಿಷ್ಕೃತ ಆವೃತ್ತಿ" ಎಂದು ಎರಡು ಪದ ಬರೆದರೆ ಸಾಕು, ಯಾಕೆ ಎಂದು ಯಾರೂ ಕೇಳುವುದಿಲ್ಲ. ಹುಡುಗಿಗೆ "ಹೊಸ ಆವೃತ್ತಿ ಹಾಕಿದ್ದೇನೆ, ಓಡಿಸಿ ನೋಡಿ" ಎಂದು ಬರೆದರೆ ಅವಳಿಗೆ ಮೂರು ಮಿಡಿತ ಬರುತ್ತದೆ, ಅವಳಿಗೂ ಸಂತೋಷ. ಇದನ್ನು ನನ್ನಷ್ಟಕ್ಕೆ ಯೋಚಿಸುವವಳಂತೆ ಜೋರಾಗಿಯೇ ಹೇಳಿದೆ.

ಭಾವ ಕೇಳಿದರು. "ಸೋಮವಾರ ಕೂತ್ಕೊಳ್ಳೋರಿಗೆ ಏನ್ ಗೊತ್ತಿರತ್ತೆ?"

"ಅಂದ್ರೆ?"

"ಆ ಹುಡುಗಿಗೆ ಬರಲ್ಲ ಅಂತ ನೀನು ಬರ್ದಿರೋದು ಅವರ ಕೈಲಿದೆ. ನೀನು ಹೊಸ ಫೈಲ್ ಹಾಕಿದ್ರೆ ಅವಳಿಗೆ ಕೊನೇಗೂ ಬಂತು ಅಂತಾರೆ. ಮೊದಲಿಂದ್ಲೂ ಅವಳೇ ಸರಿ ಅಂತ ಯಾರಿಗೆ ಗೊತ್ತಾಗತ್ತೆ?" ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. "ನಾನು ಬೋರ್ಡ್ ಮೇಲೆ ಲೆಕ್ಕ ತಪ್ಪಾಗಿ ಮಾಡಿ, ಸರಿಯಾಗಿ ಮಾಡಿದ ಮಗೂಗೆ ಬೈದ್ರೆ, ಆಮೇಲೆ ಸ್ಟಾಫ್ ರೂಮಿಗೆ ಕರ್ದು ಸಮಾಧಾನ ಹೇಳಲ್ಲ. ಅದೇ ಕ್ಲಾಸಲ್ಲಿ, ಎಲ್ಲರ ಮುಂದೆ, ಬೋರ್ಡ್ ಮೇಲೇ ಅಳಿಸಿ ಬರೀತೀನಿ. ಬೈದಿದ್ದು ಎಲ್ಲರ ಮುಂದೆ ತಾನೆ."

ಅವರು ನನಗೆ ಉಪದೇಶ ಮಾಡುತ್ತಿದ್ದಾರೆ ಎನ್ನಿಸಲಿಲ್ಲ. ಮೂವತ್ತು ವರ್ಷದಿಂದ ಮಾಡಿಕೊಂಡು ಬಂದದ್ದನ್ನು ಹೇಳಿದರು ಅಷ್ಟೆ. ನಾನೂ ಪಾಠ ಮಾಡುವವಳೇ. ಬೋರ್ಡಿನ ಮೇಲೆ ತಪ್ಪಿದಾಗ "ನೀವು ಗಮನಿಸ್ತೀರೋ ಇಲ್ವೋ ನೋಡೋಣ ಅಂತ ಬರೆದೆ" ಎಂದು ನಕ್ಕು ಜಾರಿಕೊಂಡದ್ದು ಎಷ್ಟು ಸಲವೋ. ಮುಖ ಬಿಸಿಯಾಯಿತು.

ಪತ್ರ ಬರೆಯಲು ಕೂತೆ. ಹುಡುಗಿಗೆ, ಅವಳ ಮಾರ್ಗದರ್ಶಕರಿಗೆ, ಜಾಲತಾಣದವರಿಗೆ, ಮೂವರಿಗೂ ಒಂದೇ ಪತ್ರ. ಎಂಥೆಂಥ ಪ್ರಶ್ನೆಗೂ ನಿಂತಲ್ಲೇ ಉತ್ತರ ಕೊಡುವ ನನಗೆ ಆ ಆರೆಂಟು ಸಾಲಿಗೆ ಒಂದು ಗಂಟೆ ಹಿಡಿಯಿತು. ಅಕ್ಕ ಕಾಫಿ ತಂದಿಟ್ಟು ಏನು ಬರೆದಿದ್ದೀಯ, ಕನ್ನಡದಲ್ಲಿ ಹೇಳು ಎಂದಳು. ಹೇಳಿದೆ. ತಾಂತ್ರಿಕ ಕಾರಣದಿಂದ ಒಂದು ಫೈಲು ಬಿಟ್ಟುಹೋಗಿದ್ದು, ಇದರಿಂದ ಉಂಟಾದ ಅಡಚಣೆಗೆ ವಿಷಾದಿಸುತ್ತೇನೆ ಎಂದು.

"ಇದು ಕರೆಂಟ್ ಆಫೀಸ್‌ನೋರು ಹಾಕೋ ಬೋರ್ಡ್ ಕಣೇ. ತಪ್ಪಾಯ್ತು ಅಂತ ಎಲ್ಲಿದೆ?"

ಅಳಿಸಿದೆ. ಮತ್ತೆ ಬರೆದೆ. "ತಪ್ಪು ನನ್ನದು. ನಿಮ್ಮ ವಿದ್ಯಾರ್ಥಿನಿ ಮೊದಲ ಪತ್ರದಲ್ಲೇ ಸರಿಯಾದ ಕಾರಣವನ್ನು ಊಹಿಸಿ ಕೇಳಿದ್ದಳು. ನಾನು ಪರೀಕ್ಷಿಸದೆ, ಅವಳನ್ನು ಹೀಗಳೆದು ಉತ್ತರ ಬರೆದೆ. ಅವಳು ತೋರಿಸಿದ ಚಿತ್ರವೇ ನಾನು ಹಂಚಿಕೊಂಡ ಫೈಲುಗಳಿಂದ ಬರುವ ನಿಜವಾದ ಚಿತ್ರ. ಅವಳ ಕೆಲಸದಲ್ಲಿ ಯಾವ ದೋಷವೂ ಇಲ್ಲ." ಜಾಲತಾಣದವರಿಗೆ ಇನ್ನೂ ಎರಡು ಸಾಲು ಸೇರಿಸಿದೆ. ಬೇರೆ ಕಂಪ್ಯೂಟರಿನಲ್ಲಿ ನೋಡಿದ್ದೇನೆ ಎಂದು ನಾನು ಹಾಕಿದ ಟಿಕ್ ಸುಳ್ಳಾಗಿತ್ತು. ತಿದ್ದುಪಡಿಯನ್ನು ಕಾರಣದೊಂದಿಗೆ, ಕಂಡುಹಿಡಿದವಳ ಹೆಸರಿನೊಂದಿಗೆ, ನನ್ನ ಪುಟದ ಮೇಲುಗಡೆಯೇ ಹಾಕಿ ಎಂದು. ಆ ಟಿಕ್ಕಿನ ವಿಷಯವನ್ನು ಅಕ್ಕ ಭಾವರಿಗೂ ಆಗಲೇ ಹೇಳಿದೆ. ಅಕ್ಕ ಗಾದೆ ಹೇಳಲಿಲ್ಲ. "ಕಳ್ಸು" ಎಂದಳು.

ಕಳಿಸಿದೆ. ಭಾನುವಾರ ವಾಪಸ್ಸು ಬಂದು ಯಜಮಾನರಿಗೆ ಎಲ್ಲ ಹೇಳಿದೆ. ಅವರು ನಗಲಿಲ್ಲ, "ಅಂತೂ ಗೋಡೌನಿಗೋಗಿ ನೋಡ್ದಂಗಾಯ್ತು" ಎಂದು ಮಾತ್ರ ಅಂದರು. ಜಾಲತಾಣದಲ್ಲಿ ಆ ಹೊತ್ತಿಗಾಗಲೇ ನನ್ನ ಹೆಸರಿನ ಮೇಲೆ ತಿದ್ದುಪಡಿಯ ಪೆಟ್ಟಿಗೆ ಬಂದಿತ್ತು. ಮೊದಲು ಕಣ್ಣಿಗೆ ಬೀಳುವುದೇ ಅದು. ಓದಿದೆ, ಉರಿಯಿತು, ಇರಲಿ ಎಂದುಕೊಂಡೆ. ನನಗೆ ಬೇಕಾಗಿದ್ದದ್ದು ಅದಲ್ಲ. ಹುಡುಗಿಯಿಂದ ಒಂದು ಸಾಲೂ ಬಂದಿರಲಿಲ್ಲ.

ಸೋಮವಾರ ಪೂರ್ತಿ ಹಾಗೇ ಹೋಯಿತು. ಎರಡು ಕ್ಲಾಸು ತೆಗೆದುಕೊಂಡೆ, ಪ್ರಾಕ್ಟಿಕಲ್ ಮಾಡಿಸಿದೆ. ಪ್ರತಿ ಬೆಲ್ಲಿಗೂ ಫೋನು ನೋಡಿದೆ. ಮಾರ್ಗದರ್ಶಕರು ಶನಿವಾರ ಭಾನುವಾರ ಮೇಲ್ ನೋಡದಿದ್ದರೆ? ಅವರಿಗೆ ಆಗಲೇ ಅವಳ ಮೇಲೆ ಬೇಸರವಾಗಿಬಿಟ್ಟಿದ್ದರೆ? ನನ್ನ ಒಂದು ಬೆಳಗಿನ ಜಂಬಕ್ಕೆ ಗುರುತಿಲ್ಲದ ಹುಡುಗಿಯೊಬ್ಬಳು ಗಂಟುಮೂಟೆ ಕಟ್ಟಬೇಕಾಗಿ ಬಂದರೆ, ಅದನ್ನು ಯಾವ ಸಾಲು ಸೇರಿಸಿ ಸರಿಪಡಿಸುವುದು? ಭಯ ಎಂಬುದು ನನಗೆ ಅಪರೂಪ. ಅವತ್ತು ಊಟ ಸೇರಲಿಲ್ಲ.

ಮಂಗಳವಾರ ಬೆಳಗ್ಗೆ ಸ್ಟಾಫ್ ರೂಮಿನಲ್ಲಿ ಎರಡು ಪತ್ರ ಒಟ್ಟಿಗೆ ಕಂಡವು. ಮಾರ್ಗದರ್ಶಕರದು ಒಂದೇ ಸಾಲು: ನಿಮ್ಮ ಪತ್ರ ಸಭೆಗೆ ಮೊದಲೇ ಸಿಕ್ಕಿತು, ಎಲ್ಲರಿಗೂ ಓದಿ ಹೇಳಿದೆ. ಹುಡುಗಿಯದು ಅದಕ್ಕಿಂತ ಸ್ವಲ್ಪ ಉದ್ದ. ಸಮಿತಿ ಅವಳನ್ನು ಮುಂದುವರಿಯಲು ಬಿಟ್ಟಿದೆ. ಮೂರು ಮಿಡಿತವೂ ಬರುತ್ತಿದೆ. ಧನ್ಯವಾದ. ನಾನು ಕುರ್ಚಿಗೆ ಒರಗಿದೆ. ಉಸಿರು ಬಿಟ್ಟದ್ದು ಪಕ್ಕದ ಮೇಜಿನವರಿಗೂ ಕೇಳಿಸಿರಬೇಕು. ಆಮೇಲೆ, ಪತ್ರ ಅಲ್ಲಿಗೇ ಮುಗಿದಿಲ್ಲ ಎಂದು ಕಂಡಿತು.

"ಇನ್ನೊಂದು ವಿಷಯ. ಪೊಟ್ಯಾಸಿಯಂ ಬಾಗಿಲಿನ ಫೈಲಿನಲ್ಲಿರುವ ಒಂದು ಸಂಖ್ಯೆ ನಿಮ್ಮ ಪ್ರಬಂಧದ ಕೋಷ್ಟಕದಲ್ಲಿ ಬೇರೆಯಾಗಿದೆ. ಮೊದಲ ಪತ್ರ ಬರೆಯುವಾಗಲೇ ಕಂಡಿತ್ತು. ಒಟ್ಟಿಗೆ ಎರಡು ದೂರು ಬೇಡ ಎಂದು ಮುಂದಿನ ಪತ್ರಕ್ಕೆ ಇಟ್ಟುಕೊಂಡಿದ್ದೆ. ನಿಮ್ಮ ಉತ್ತರ ಬಂದ ಮೇಲೆ ಕೇಳಲು ಹೆದರಿಕೆಯಾಯಿತು. ನನ್ನದೇ ತಪ್ಪಿರಬಹುದು."

ಈ ಸಲ ಉತ್ತರ ಬರೆಯುವ ಮೊದಲು ಫೈಲು ತೆರೆದೆ, ಕೋಷ್ಟಕ ತೆರೆದೆ, ಪಕ್ಕಪಕ್ಕ ಇಟ್ಟು ನೋಡಿದೆ. ಅವಳು ಹೇಳಿದ್ದು ಸರಿ. ಅಚ್ಚಿನಲ್ಲಿರುವುದು ತಪ್ಪು, ಅದೂ ನನ್ನದೇ. ಕಣ್ಣೆದುರು ಕಂಡ ತಪ್ಪನ್ನು ಒಬ್ಬಳು ಹುಡುಗಿ ಅಷ್ಟು ದಿನ ತನ್ನದೇ ಇರಬಹುದು ಎಂದುಕೊಂಡು ಕೂತಿದ್ದಳು, ನಾನು ಖುಷಿಯಿಂದ ಬರೆದ ಒಂದು ವಾಕ್ಯಕ್ಕೆ ಹೆದರಿ. ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು ಬರೆದೆ: "ನೀವು ಕಂಡದ್ದು ಸರಿ. ಇನ್ನೇನೇನು ಕಂಡಿದೆಯೋ ಎಲ್ಲವನ್ನೂ ಬರೆಯಿರಿ."

ಮರುದಿನ ಐದು ಪುಟ ಬಂತು.